ಟೂನಿಯ ಅಣ್ಣನೋ ತಮ್ಮನೋ

ಮನಾಲಿಯಿಂದ ವಾಪಸ್ ಬಂದ ಹನ್ನೊಂದನೇ ದಿನಕ್ಕೆ ಇ-ಮೇಲ್‌ನಲ್ಲಿ ಸರ್ಟಿಫಿಕೇಟ್ ಬಂತು. ಫ್ರೆಂಡ್‌ಶಿಪ್ ಪೀಕ್, 5,289 ಮೀಟರ್, ಯಶಸ್ವಿಯಾಗಿ ಹತ್ತಿದ್ದಾರೆ ಅಂತ ಬರೆದು ಕೆಳಗೆ ನನ್ನ ಹೆಸರು ಹಾಕಿದ್ದರು. ಇನಿಷಿಯಲ್ ತಪ್ಪಿತ್ತು. ಬಿಇ ಮುಗಿಸಿದಾಗಿನಿಂದ ಎಂಥೆಂಥದ್ದೋ ಆನ್‌ಲೈನ್ ಕೋರ್ಸುಗಳ ಸರ್ಟಿಫಿಕೇಟ್ ಬಂದು ಬಿದ್ದಿವೆ, ಒಂದನ್ನೂ ಪ್ರಿಂಟ್ ತೆಗೆಸಿದವನಲ್ಲ. ಇದನ್ನು ಮಾತ್ರ ತೆಗೆಸಿದೆ. ಅರಸೀಕೆರೆ ಕಡೆಯ ಹಳ್ಳಿ ನಮ್ಮದು. ಚಿಕ್ಕಂದಿನಲ್ಲಿ ನಾನು ಹತ್ತಿದ್ದ ದೊಡ್ಡ ಬೆಟ್ಟ ಅಂದರೆ ಮಾಲೇಕಲ್ಲು ತಿರುಪತಿ, ಅದಕ್ಕೂ ಮೆಟ್ಟಿಲಿದೆ. ಹಿಮಾಲಯದಲ್ಲಿ ಮೊದಲನೇ ಶಿಖರ ಅನ್ನೋದು ನನ್ನ ಮಟ್ಟಿಗೆ ಸಣ್ಣ ವಿಷಯ ಆಗಿರಲಿಲ್ಲ.

ಫೋನಿನಲ್ಲಿದ್ದ ಫೋಟೋಗಳನ್ನು ನೋಡುತ್ತಾ ಕೂತಾಗ ಒಂದು ವಿಷಯ ಗಮನಕ್ಕೆ ಬಂತು. ಶಿಖರದ ಮೇಲಿನ ಆರು ಫೋಟೋದಲ್ಲೂ ನಾವು ನಾಲ್ಕು ಜನ ಬೆಂಗಳೂರಿನವರೇ ಇದ್ದೀವಿ. ಫೋಟೋ ತೆಗೆದವನು ಇಲ್ಲ. ಇಡೀ ದಾರಿ ನನ್ನ ಚೀಲ ಹೊತ್ತ ಹುಡುಗ ಅವನು. ಅವನದ್ದು ಅಂತ ಇದ್ದದ್ದು ಒಂದೇ ಫೋಟೋ. ಇಳಿದು ಬಂದ ಮೇಲೆ ಕ್ಯಾಂಪಿನಲ್ಲಿ ನನ್ನ ರಕ್‌ಸ್ಯಾಕ್ ಮೇಲೆ ಕೂತು ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಿದ್ದಾನೆ. ಅದನ್ನು ಅವನಿಗೆ ಕಳಿಸೋಣ ಅಂತ ಗೈಡ್‌ಗೆ ವಾಟ್ಸ್ಯಾಪ್ ಮಾಡಿ ಹೆಸರು ಕೇಳಿದೆ. ಐದು ದಿನ ಒಟ್ಟಿಗಿದ್ದು ಹೆಸರು ಕೇಳಿರಲಿಲ್ಲ ನಾನು. ಎಲ್ಲರೂ 'ಭಯ್ಯಾ' ಅಂತಿದ್ದೆವು, ಕೆಲಸ ನಡೀತಿತ್ತು. ಗೈಡ್ ಉತ್ತರ ಬಂತು: "ವೋ? ವೋ ತೋ ಕುಕ್ ಕಾ ಭಾಯಿ ಥಾ ಸರ್."

ಅಷ್ಟೇ. ಅಡುಗೆಯವನ ಅಣ್ಣನೋ ತಮ್ಮನೋ. ನಾನೂ ಮುಂದಕ್ಕೆ ಕೇಳಲಿಲ್ಲ, ಒಂದು ಥಂಬ್ಸ್ ಅಪ್ ಒತ್ತಿ ಸುಮ್ಮನಾದೆ.

ಆಮೇಲಿನ ಎರಡು ತಿಂಗಳು ನನಗೆ ಹಿಮಾಲಯದ ಹುಚ್ಚು. ಆಫೀಸಿನಿಂದ ಬಂದು ರಾತ್ರಿ ಹನ್ನೊಂದರ ಮೇಲೆ ಹಳೆಯ ಪರ್ವತಾರೋಹಿಗಳ ಕಥೆ ಓದೋದು. ನನ್ನಂತೆ ರಜೆ ಹಾಕಿ ಹೋಗಿ ಹತ್ತಿ ಬಂದ ಹವ್ಯಾಸಿಗಳು ಯಾರಿದ್ದರು, ಮೊದಲು ಯಾರು ಹೋದರು ಅಂತ ಹುಡುಕುತ್ತಾ ಹೋದೆ. ಹಾಗೆ ಹುಡುಕಿದ ಕಥೆ ಬಂದು ನಿಂತಿದ್ದು ಎಲ್ಲಿ ಅಂತೀರಾ? ನನ್ನ ಕ್ಯಾಬ್ ದಿನಾ ನಿಲ್ಲುವ ಔಟರ್ ರಿಂಗ್ ರೋಡಿನಲ್ಲಿ.

ನೀವೂ ಅದೇ ರಸ್ತೆಯವರಾದರೆ ಕೇಳಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ವಿಲಿಯಂ ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಅಗರ ಮತ್ತು ಕೆ.ಆರ್. ಪುರದ ನಡುವೆ ನೆಲ ಅಳೆದ. ನೂರಡಿ ಉದ್ದದ ಉಕ್ಕಿನ ಸರಪಳಿ. ಆ ಸರಪಳಿಗೂ ಒಂದು ಕಥೆ ಇದೆ. ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಹೋಗಿ, ಅವರು ಬೇಡ ಅಂದದ್ದಕ್ಕೆ ಕಲ್ಕತ್ತಾಗೆ ಬಂದು, ಅಲ್ಲಿ ಲ್ಯಾಂಬ್ಟನ್ ಕೈಗೆ ಸಿಕ್ಕಿದ್ದು. ಅಳೆದದ್ದು ಏಳೂವರೆ ಮೈಲಿಗಿಂತ ಚೂರು ಕಮ್ಮಿ, ತೆಗೆದುಕೊಂಡದ್ದು ಎರಡು ತಿಂಗಳು. ಮಳೆ ಬಂದ ಸಂಜೆ ಮಾರತ್‌ಹಳ್ಳಿ ಹತ್ತಿರ ಸಿಕ್ಕಿಹಾಕಿಕೊಂಡವರಿಗೆ ಇದೇನೂ ನಿಧಾನ ಅನ್ನಿಸಲ್ಲ ಬಿಡಿ.

ಯಾಕೆ ಅಳೆದ ಅಂದರೆ, ಹೈಸ್ಕೂಲಿನಲ್ಲಿ ಓದಿದ ತ್ರಿಕೋನಮಿತಿಯೇ. ಒಂದು ಬಾಹು ಪಕ್ಕಾ ಗೊತ್ತಿದ್ದರೆ, ಎರಡು ಕೋನ ಅಳೆದು ಉಳಿದ ಎರಡು ಬಾಹು ಲೆಕ್ಕ ಹಾಕಬಹುದು. ಆ ಬಾಹುಗಳ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಬೆಂಗಳೂರಿನಲ್ಲಿ ಕೈ ಪಳಗಿಸಿಕೊಂಡ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ದೊಡ್ಡ ಸರ್ವೆ ಶುರು ಮಾಡಿದ. ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಅದು ಹಿಮಾಲಯದ ಬುಡಕ್ಕೆ ಹೋಗಿ ಮುಟ್ಟಿತು. 1852ರಲ್ಲಿ ರಾಧಾನಾಥ್ ಸಿಕ್ದರ್ ಲೆಕ್ಕ ಹಾಕಿ ತೋರಿಸಿದ ಹದಿನೈದನೇ ನಂಬರಿನ ಶಿಖರವೇ ಎವರೆಸ್ಟ್.

ಇಷ್ಟು ಕಥೆ ಎಷ್ಟೋ ಕಡೆ ಬಂದಿದೆ. ನಾನು ನಿಂತದ್ದು ಬೇರೆ ಕಡೆ. ಲ್ಯಾಂಬ್ಟನ್‌ನ ದೊಡ್ಡ ಥಿಯೋಡೊಲೈಟ್, ಅಂದರೆ ಕೋನ ಅಳೆಯುವ ಯಂತ್ರ, ಅರ್ಧ ಟನ್ ತೂಕ. ಹೊರೋದಕ್ಕೆ ಹನ್ನೆರಡು ಜನ ಬೇಕಿತ್ತು. ಆ ಹನ್ನೆರಡು ಜನ ಎಲ್ಲಿಯವರು, ಏನು ತಿಂತಿದ್ದರು, ಜ್ವರ ಬಂದಾಗ ಏನು ಮಾಡಿದರು ಅಂತ ಓದೋಕೆ ಹೊರಟರೆ ಪುಟ ಖಾಲಿ.

ಸರ್ವೆಯವರು ಪರ್ವತದ ತಲೆಯ ಮೇಲೆ ಕಂಬ ನೆಡಿಸುತ್ತಿದ್ದರು, ದೂರದಿಂದ ಗುರಿ ಹಿಡಿಯೋದಕ್ಕೆ. ಆ ಕಂಬ ಹೊತ್ತು ಮೇಲೆ ಹೋಗುತ್ತಿದ್ದವರು ಖಲಾಸಿಗಳು. 1860ರಲ್ಲಿ ಅಂಥ ಒಬ್ಬ ಖಲಾಸಿ ಸ್ಪಿತಿಯ ಶಿಲ್ಲಾ ಅನ್ನೋ ಶಿಖರಕ್ಕೆ ಕಂಬ ಹೊತ್ತುಕೊಂಡು ಹತ್ತಿದ ಅಂತ ದಾಖಲಾಗಿದೆ. ಆಗ ಆ ಶಿಖರದ ಎತ್ತರ 23,000 ಅಡಿಗೂ ಮೇಲೆ ಅಂತ ಲೆಕ್ಕ. ಹಾಗಾಗಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮನುಷ್ಯ ಹತ್ತಿದ ಅತಿ ಎತ್ತರದ ಶಿಖರ ಅದೇ ಅಂತ ಜನ ನಂಬಿದ್ದರು. ಒಂದು ವಿಶ್ವದಾಖಲೆ, ಅದರ ಒಡೆಯನ ಹೆಸರಿನ ಜಾಗದಲ್ಲಿ 'ಒಬ್ಬ ಖಲಾಸಿ'. ಆಮೇಲೆ ಸರಿಯಾಗಿ ಅಳೆದಾಗ ಶಿಲ್ಲಾ 6,132 ಮೀಟರ್ ಅಂತ ಗೊತ್ತಾಗಿ ದಾಖಲೆಯೂ ಹೋಯಿತು. ಅಳತೆ ತಪ್ಪಿದ್ದು ಯಂತ್ರ ನೋಡಿದವರದ್ದು, ದಾಖಲೆ ಕಳೆದುಕೊಂಡವನು ಕಂಬ ಹೊತ್ತವನು. ಆದರೂ ನೀವೇ ಯೋಚನೆ ಮಾಡಿ. ಆ ಕಾಲದ ಬಟ್ಟೆ, ಆ ಕಾಲದ ಚಪ್ಪಲಿ, ಹೆಗಲ ಮೇಲೆ ಮರದ ಕಂಬ, ಹೆಚ್ಚುಕಮ್ಮಿ ನನ್ನ ಶಿಖರದ ಮೇಲೆ ಇನ್ನೂ 843 ಮೀಟರ್. ನಾನು ಹೋದದ್ದು ಬಾಡಿಗೆ ಬೂಟು, ಗ್ಲೌಸು, ಎರಡು ಜಾಕೆಟ್ ಹಾಕಿಕೊಂಡು.

ಕೂಲಿಗಲ್ಲದೆ, ಸರ್ಕಾರಿ ಕೆಲಸಕ್ಕಲ್ಲದೆ, ಬರೀ ಖುಷಿಗೆ ಹತ್ತುವವರು ಬಂದದ್ದು ಇದರ ನಂತರ. ಅವರಲ್ಲಿ ದೊಡ್ಡ ಹೆಸರು ಟಾಮ್ ಲಾಂಗ್‌ಸ್ಟಾಫ್. ಓದಿದ್ದು ವೈದ್ಯಕೀಯ, ಕೈಯಲ್ಲಿ ಕಾಸಿತ್ತು, ಮನಸ್ಸೆಲ್ಲ ಬೆಟ್ಟದಲ್ಲಿ. 1907ಕ್ಕೆ ಲಂಡನ್ನಿನ ಆಲ್ಪೈನ್ ಕ್ಲಬ್ಬಿಗೆ ಐವತ್ತು ವರ್ಷ ತುಂಬುತ್ತಿತ್ತು, ಆ ನೆಪದಲ್ಲಿ ಎವರೆಸ್ಟಿಗೆ ಹೋಗೋಣ ಅಂತಿದ್ದರು. ಬ್ರಿಟಿಷ್ ಸರ್ಕಾರವೇ ಬೇಡ ಅಂತು. ಸರಿ ಅಂತ ಗಢವಾಲಿಗೆ ಬಂದು, ಜೂನ್ 12ರಂದು ತ್ರಿಶೂಲ್ ಹತ್ತಿದರು. 7,120 ಮೀಟರ್. ಏಳು ಸಾವಿರ ಮೀಟರ್ ದಾಟಿದ ಶಿಖರವೊಂದನ್ನು ಮನುಷ್ಯ ಹತ್ತಿದ್ದು ಅದೇ ಮೊದಲು. ಲಾಂಗ್‌ಸ್ಟಾಫ್ ಜೊತೆ ತುದಿ ಮುಟ್ಟಿದವರು ಇಟಲಿಯ ಕಡೆಯ ಆಲ್ಪ್ಸ್‌ನ ಗೈಡುಗಳಾದ ಅಲೆಕ್ಸಿ ಮತ್ತು ಹೆನ್ರಿ ಬ್ರೋಶರೆಲ್ ಅನ್ನೋ ಅಣ್ಣತಮ್ಮಂದಿರು, ಮತ್ತು ಗೂರ್ಖಾ ಪಡೆಯ ಸೈನಿಕ ಕರ್ಬೀರ್ ಬುರಾಥೋಕಿ.

ಅವರ ಕೊನೇ ಡೇರೆ ಇದ್ದದ್ದು ಸುಮಾರು 17,450 ಅಡಿಯಲ್ಲಿ. ಅಲ್ಲಿಂದ ಒಂದೇ ದಿನದಲ್ಲಿ ಹೆಚ್ಚುಕಮ್ಮಿ ಆರು ಸಾವಿರ ಅಡಿ ಹತ್ತಿ ಇಳಿದರು. ನನ್ನ ಫ್ರೆಂಡ್‌ಶಿಪ್ ಪೀಕನ್ನು ಅಡಿಗೆ ಬದಲಾಯಿಸಿ ನೋಡಿದೆ. 17,350ರ ಆಸುಪಾಸು. ನಾನು ಪ್ರಿಂಟ್ ತೆಗೆಸಿಟ್ಟುಕೊಂಡ ಶಿಖರಕ್ಕಿಂತ ನೂರಡಿ ಮೇಲೆ ಅವರು ರಾತ್ರಿ ಮಲಗಿದ್ದರು! ನಗು ಬಂತು. ಪ್ರಿಂಟನ್ನು ಗೋಡೆಗೆ ಹಾಕುವ ಯೋಚನೆ ಅವತ್ತೇ ಬಿಟ್ಟೆ.

ನನ್ನ ಶಿಖರದ ಕಥೆಯನ್ನೂ ಇಲ್ಲೇ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಮನಾಲಿಯಿಂದ ಸೋಲಂಗ್, ಧುಂಡಿ, ಬಕರ್‌ಥಾಚ್ ಅನ್ನೋ ಹುಲ್ಲುಗಾವಲು. ಅಲ್ಲಿಗೇ ನನ್ನ ಬೆನ್ನು ಹೋಗಿತ್ತು. ಹದಿನಾಲ್ಕು ಕೆಜಿ ಚೀಲ. "ಆಫ್‌ಲೋಡ್ ಮಾಡಿ ಸರ್, ಎಕ್ಸ್‌ಟ್ರಾ ಚಾರ್ಜ್ ಆಗುತ್ತೆ" ಅಂದರು. ಆಫ್‌ಲೋಡ್! ನಮ್ಮ ಆಫೀಸಿನಲ್ಲೂ ಇದೇ ಪದ, ತನಗೆ ಬೇಡದ ಕೆಲಸವನ್ನು ಕೆಳಗಿನವನ ತಲೆಗೆ ಕಟ್ಟೋದಕ್ಕೆ. ದುಡ್ಡು ಕೊಟ್ಟೆ. ಇಪ್ಪತ್ತು ದಾಟಿರಬಹುದಾದ ಒಬ್ಬ ಹುಡುಗ ಬಂದು, ನನ್ನ ಚೀಲವನ್ನು ಅಡುಗೆ ಸಾಮಾನಿನ ಮೇಲೆ ಕಟ್ಟಿ, ಪಟ್ಟಿಯನ್ನು ಹಣೆಗೆ ಕೊಟ್ಟು ಎದ್ದ. ಹಣೆಯಿಂದ ಭಾರ ಎಳೆಯುವ ಆ ಭಂಗಿ ನೋಡಿ ಹೊಟ್ಟೆಯಲ್ಲಿ ಏನೋ ಆಯಿತು, ಆದರೆ ಮುಂದೆ ದಾರಿ ಏರು ಇತ್ತು, ಮರೆತೆ.

ಶಿಖರದ ದಿನ ರಾತ್ರಿ ಒಂದಕ್ಕೆ ಹೊರಟೆವು. ಬೂಟಿಗೆ ಕ್ರ್ಯಾಂಪಾನ್, ಅಂದರೆ ಅಡಿಗೆ ಕಬ್ಬಿಣದ ಹಲ್ಲು, ಕೈಯಲ್ಲಿ ಹಿಮಗೊಡಲಿ, ನಡುವಿಗೆ ಹಗ್ಗ. ನಾಲ್ಕು ಗಂಟೆ ಹೊತ್ತಿಗೆ ಇಬ್ಬರಿಗೆ ತಲೆನೋವು, ವಾಂತಿ. ಒಬ್ಬ ಗೈಡ್ ಅವರನ್ನು ಇಳಿಸಿಕೊಂಡು ಹೋದರು. ಉಳಿದ ಗೈಡ್ ಹಗ್ಗದ ಕೊನೆಗೆ ಬಂದರು, ಮುಂದಕ್ಕೆ ಚೀಲದ ಹುಡುಗ. ಅವನು ಹಿಮವನ್ನು ಬೂಟಿನ ತುದಿಯಿಂದ ಎರಡೆರಡು ಸಲ ಒದ್ದು ಗುಂಡಿ ಮಾಡೋದು, ನಾವು ಆ ಗುಂಡಿಯಲ್ಲಿ ಕಾಲಿಡೋದು. ನನಗೆ ಆ ಮೂರು ನಾಲ್ಕು ಗಂಟೆಯಲ್ಲಿ ಕಂಡದ್ದು ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನ ಒಂದು ವೃತ್ತ, ಅದರೊಳಗೆ ಅವನ ಹಿಮ್ಮಡಿ. ಒಂದು ಕಡೆ ನನ್ನ ಬಲಗಾಲಿನ ಹಲ್ಲು ಎಡಗಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸಿದೆ. ಜಾರಿದ್ದು ಒಂದಾಳುದ್ದ ಇರಬಹುದು. ಹಗ್ಗ ಬಿಗಿಯಾಗಿ ನಿಂತೆ. ಮೇಲೆ ನೋಡಿದರೆ ಅವನು ಗೊಡಲಿ ನೆಟ್ಟು ಅದರ ಮೇಲೆ ಮೈಭಾರ ಹಾಕಿ ಕೂತಿದ್ದ. "ಆರಾಮ್ ಸೇ ಸರ್" ಅಂದ, ಅಷ್ಟೇ. ಎಂಟೂಮುಕ್ಕಾಲಿಗೆ ತುದಿ. ಪಕ್ಕದಲ್ಲಿ ಹನುಮಾನ್ ಟಿಬ್ಬಾ, ಸುತ್ತ ಬಿಳಿ. ನಾನು ಅತ್ತೆ, ಸುಳ್ಳು ಹೇಳಲ್ಲ. ತುದಿಗೆ ಅವನು ನನಗಿಂತ ನಾಲ್ಕು ಹೆಜ್ಜೆ ಮೊದಲು ಹೋಗಿದ್ದ. ಹೋಗಿ, ಪಕ್ಕಕ್ಕೆ ಸರಿದು, ನನ್ನ ಫೋನಿಗೆ ಕೈ ಚಾಚಿದ.

ಈಗ ಮತ್ತೆ ಹಳೆಯ ಕಾಲಕ್ಕೆ. ಲಾಂಗ್‌ಸ್ಟಾಫ್‌ಗಿಂತ ನನಗೆ ಹತ್ತಿರದವನು ಅನ್ನಿಸಿದ್ದು ಅಲೆಕ್ಸಾಂಡರ್ ಕೆಲ್ಲಾಸ್. ಸ್ಕಾಟ್ಲೆಂಡಿನ ಅಬರ್ಡೀನ್ ಊರಿನವನು, ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವ ಮೇಷ್ಟ್ರು. ಕನ್ನಡಕದ, ಸ್ವಲ್ಪ ಬಾಗಿದ, ಫೋಟೋದಲ್ಲಿ ಪರ್ವತಾರೋಹಿ ಅಂತ ಯಾರೂ ಹೇಳಲಾರದ ಆಸಾಮಿ. ಮೊದಲ ಸಲ 1907ರಲ್ಲಿ ಸ್ವಿಸ್ ಗೈಡುಗಳನ್ನು ಕರ್ಕೊಂಡು ಬಂದ, ಅದು ಸರಿಹೋಗಲಿಲ್ಲ. ಅಲ್ಲಿಂದ ಮುಂದೆ ಅವನು ಯುರೋಪಿನ ಗೈಡುಗಳನ್ನು ತರಲೇ ಇಲ್ಲ. ಶೆರ್ಪಾಗಳನ್ನೂ ಭೋಟಿಯಾಗಳನ್ನೂ ಜೊತೆಗೆ ಕಟ್ಟಿಕೊಂಡು ಸಿಕ್ಕಿಂಗೆ ಹೋಗುತ್ತಿದ್ದ. 1910ರಲ್ಲಿ ಚೋಮಿಯೋಮೊ, 1911ರಲ್ಲಿ ಪೌಹುನ್ರಿ, 1912ರಲ್ಲಿ ಕಾಂಗ್ಚೆಂಗ್ಯಾವೊ. ಹೋಗೋದು, ಹತ್ತೋದು, ವಾಪಸ್ ಬಂದು ಪಾಠ ಮಾಡೋದು. ಪ್ರಚಾರ ಅನ್ನೋದು ಗೊತ್ತೇ ಇಲ್ಲದ ಮನುಷ್ಯ. ಶೆರ್ಪಾಗಳು ಎತ್ತರದಲ್ಲಿ ಯಾರಿಗೂ ಕಮ್ಮಿ ಇಲ್ಲ, ಬರೀ ಹೊರೆ ಹೊರುವವರಲ್ಲ, ಹತ್ತುವವರು ಅಂತ ಮೊದಲು ಕಂಡುಕೊಂಡು ಹೇಳಿದವರಲ್ಲಿ ಅವನೂ ಒಬ್ಬ. ಕೃತಕ ಆಮ್ಲಜನಕ ಇಲ್ಲದೆಯೂ ಎವರೆಸ್ಟ್ ಹತ್ತಬಹುದು ಅಂತ ದೇಹದ ಲೆಕ್ಕ ಹಾಕಿ 1920ರ ಹೊತ್ತಿಗೇ ಬರೆದ. ಅದನ್ನು ಮೆಸ್ನರ್ ಮತ್ತು ಹಾಬೆಲರ್ ಮಾಡಿ ತೋರಿಸಿದ್ದು 1978ರಲ್ಲಿ.

ಪೌಹುನ್ರಿ ಹತ್ತಿದ್ದು 1911ರ ಜೂನ್‌ನಲ್ಲಿ. ಆ ಕಾಲದ ಅಳತೆಯಲ್ಲಿ ಅದು ತ್ರಿಶೂಲ್‌ಗಿಂತ ಗಿಡ್ಡ. ಈಗಿನ ಅಳತೆಯಲ್ಲಿ 7,128 ಮೀಟರ್, ತ್ರಿಶೂಲ್‌ಗಿಂತ ಎಂಟು ಮೀಟರ್ ಜಾಸ್ತಿ. ಅಂದರೆ ಅವತ್ತು ಕೆಲ್ಲಾಸ್ ಮೇಷ್ಟ್ರು ಮನುಷ್ಯ ಅಲ್ಲಿವರೆಗೆ ಹತ್ತಿದ್ದ ಅತಿ ಎತ್ತರದ ಶಿಖರದ ಮೇಲೆ ನಿಂತಿದ್ದರು. ಅವರಿಗೇ ಗೊತ್ತಿರಲಿಲ್ಲ! ಸಾಯುವವರೆಗೂ ಗೊತ್ತಾಗಲಿಲ್ಲ. ಶಿಲ್ಲಾದ ಖಲಾಸಿಗೆ ಕೊಟ್ಟು ಕಿತ್ತುಕೊಂಡ ಅಳತೆ, ಕೆಲ್ಲಾಸ್‌ಗೆ ಕಿತ್ತುಕೊಂಡು ಕೊಟ್ಟಿತ್ತು. ಈ ಲೆಕ್ಕಾಚಾರ ನನಗೆ ತುಂಬಾ ಇಷ್ಟ ಆಗಿ, ಆ ಶಿಖರದ ಮೇಲೆ ಇನ್ನು ಯಾರಿದ್ದರು ಅಂತ ನೋಡಿದೆ. ಇಬ್ಬರು ಶೆರ್ಪಾಗಳು. ಉಳಿದುಬಂದ ಹೆಸರು ಹೀಗಿದೆ: ಒಬ್ಬ 'ಸೋನಿ'. ಇನ್ನೊಬ್ಬ 'ಟೂನಿಯ ಬ್ರದರ್'.

ರಾತ್ರಿ ಒಂದೂವರೆ ಇರಬಹುದು. ಲ್ಯಾಪ್‌ಟಾಪ್ ಮುಂದೆ ಹಾಗೇ ಕೂತೆ. 'ವೋ ತೋ ಕುಕ್ ಕಾ ಭಾಯಿ ಥಾ.' ನೂರಕ್ಕೂ ಹೆಚ್ಚು ವರ್ಷದ ಅಂತರದಲ್ಲಿ ಒಂದೇ ಮಾತು. ಆ ಟೂನಿಯಾದರೂ ಶಿಖರದ ಮೇಲಿರಲಿಲ್ಲ! ಅಲ್ಲಿಲ್ಲದವನಿಗೆ ಹೆಸರಿದೆ, ಇದ್ದವನಿಗಿಲ್ಲ. ಅವನು ಟೂನಿಗೆ ಅಣ್ಣನೋ ತಮ್ಮನೋ ಅನ್ನೋದನ್ನೂ ಇಂಗ್ಲಿಷಿನ ಬ್ರದರ್ ಹೇಳಲ್ಲ. ನಮ್ಮ ಭಾಷೆಯಲ್ಲಾದರೆ ಅಷ್ಟಾದರೂ ಗೊತ್ತಾಗಿರೋದು.

ಇದು ನನಗೆ ಇಷ್ಟು ಯಾಕೆ ತಟ್ಟಿತು ಅಂತ ಹೇಳಬೇಕಾದರೆ ಅಪ್ಪನ ವಿಷಯ ಹೇಳಬೇಕು. ಅಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಹಮಾಲಿ. ತಲೆಗೆ ಟವೆಲ್ ಸಿಂಬೆ, ಕೈಯಲ್ಲಿ ಕೊಕ್ಕೆ, ಬೆನ್ನ ಮೇಲೆ ಚೀಲ. ಲಾರಿಗೆ ಹಾಕಿದ ಹಲಗೆ ಮೇಲೆ ಬಾಗಿ ಹತ್ತುವಾಗ ಹಲಗೆ ಬಳುಕೋದು. ಶಾಲೆ ರಜೆಯಲ್ಲಿ ಬುತ್ತಿ ತಗೊಂಡು ಹೋದಾಗ ನೋಡ್ತಾ ನಿಂತಿರ್ತಿದ್ದೆ. ಆರನೇ ಕ್ಲಾಸಿನಲ್ಲಿದ್ದಾಗ ಒಂದು ಶನಿವಾರ, ಬಟವಾಡೆ ಹೊತ್ತಿನಲ್ಲಿ, ಗುಮಾಸ್ತರ ಮುಂದೆ ತೆರೆದಿದ್ದ ಕಿರ್ದಿ ಪುಸ್ತಕದಲ್ಲಿ ಅಪ್ಪನ ಹೆಸರು ಹುಡುಕಿದೆ. ಆಗ ತಾನೇ ಓದೋದರಲ್ಲಿ ಚುರುಕು ಅಂತ ನನಗೆ ಜಂಭ. ಮೊದಲು ಮಂಡಿಗೆ ಸೇರಿದ್ದ ದೊಡ್ಡಪ್ಪನ ಹೆಸರು ಸಿಕ್ಕಿತು. ಅದರ ಕೆಳಗಿನ ಸಾಲಿನಲ್ಲಿ 'ಸದರಿಯವನ ತಮ್ಮ' ಅಂತಿತ್ತು. ಪುಟ ತಿರುಗಿಸಿದರೆ ಅಲ್ಲೂ ಅದೇ. ಅದರ ಹಿಂದಿನದ್ದೂ ಅದೇ. ಗುಮಾಸ್ತರು ಗದರಿದ್ದಕ್ಕೆ ಪುಸ್ತಕ ಬಿಟ್ಟೆ.

ಅವತ್ತಿನ ಅವಮಾನಕ್ಕೋ ಏನೋ, ಬಿಇ ಸೇರಿದ ಮೇಲೆ ಫಾರಂ ತುಂಬುವಾಗ ತಂದೆಯ ಹೆಸರಿನ ಕಡೆ ನಾನು ಅಕ್ಷರ ದಪ್ಪ ಬರೆಯುತ್ತಿದ್ದೆ. ಅಂಥವನು, ಹಣೆಗೆ ಪಟ್ಟಿ ಹಾಕಿ ನನ್ನ ಭಾರ ಹೊತ್ತವನ ಹೆಸರನ್ನು ಐದು ದಿನ ಕೇಳಲಿಲ್ಲ. ಮಂಡಿಯ ಗುಮಾಸ್ತರಿಗೆ ಕಿರ್ದಿ ಬರೆಯುವ ಗಡಿಬಿಡಿಯಾದರೂ ಇತ್ತು. ನನಗೆ ಏನಿತ್ತು?

ನಮ್ಮ ನಾಟಕದಲ್ಲಿ ಹವ್ಯಾಸಿ, ವೃತ್ತಿ ಅಂತ ಎರಡು ಮಾಡ್ತೀವಲ್ಲ, ಗುಬ್ಬಿ ಕಂಪನಿ ವೃತ್ತಿ, ಊರ ಸಂಘದ್ದು ಹವ್ಯಾಸಿ ಅಂತ. ಪರ್ವತಾರೋಹಣದಲ್ಲೂ ಹಾಗೇ ಇತ್ತು. ಒಂದೇ ವ್ಯತ್ಯಾಸ, ನಾಟಕದಲ್ಲಿ ವೃತ್ತಿಯವರ ಹೆಸರು ಪಾಂಪ್ಲೆಟ್ ಮೇಲೆ ದೊಡ್ಡದಾಗಿ ಬರುತ್ತೆ. ಬೆಟ್ಟದಲ್ಲಿ ಹವ್ಯಾಸಿಯ ಹೆಸರು ದೊಡ್ಡದು, ವೃತ್ತಿಯವನು 'ಮತ್ತು ಇಬ್ಬರು ಕೂಲಿಗಳು'. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ತಪ್ಪು. ಸೋನಿಯನ್ನೂ ಟೂನಿಯ ಸಹೋದರನನ್ನೂ ಅಷ್ಟಾದರೂ ಉಳಿಸಿದ್ದು ಕೆಲ್ಲಾಸನ ದಾಖಲೆಯೇ. ಕರ್ಬೀರ್‌ನ ಪೂರ್ತಿ ಹೆಸರು ನಮಗೆ ಗೊತ್ತಿದೆ. 1892ರಲ್ಲೇ ಕಾನ್ವೇ ಜೊತೆ ಕಾರಕೋರಂ ಸುತ್ತಿ, ಆಮೇಲೆ ಅವನೊಂದಿಗೆ ಆಲ್ಪ್ಸ್‌ಗೂ ಹೋಗಿಬಂದವನು ಅನ್ನೋದೂ ಗೊತ್ತಿದೆ. ಅವನು ಸೈನಿಕ, ಪಡೆಯ ಪಟ್ಟಿಯಲ್ಲಿ ಹೆಸರಿತ್ತು. ಎಲ್ಲಿ ರಿಜಿಸ್ಟರ್ ಇತ್ತೋ ಅಲ್ಲಿ ಹೆಸರು ಉಳಿಯಿತು.

ರಿಜಿಸ್ಟರ್ ಬಂದದ್ದು 1928ರಲ್ಲಿ ಹಿಮಾಲಯನ್ ಕ್ಲಬ್ ಹುಟ್ಟಿದ ಮೇಲೆ. ಡಾರ್ಜಿಲಿಂಗಿನ ಶೆರ್ಪಾಗಳ ಹೆಸರು ಬರೆದು, ಯಾರು ಯಾವ ಪರ್ವತಕ್ಕೆ ಹೋಗಿದ್ದರು ಅಂತ ದಾಖಲಿಸಿ, ನಂಬರು ಕೊಡೋದಕ್ಕೆ ಶುರು ಮಾಡಿದರು. ನಂಬರು ಬೇಕಾಗಿದ್ದಕ್ಕೆ ಕಾರಣ ಇತ್ತು. ಶೆರ್ಪಾಗಳಲ್ಲಿ ಹುಟ್ಟಿದ ವಾರದ ಹೆಸರನ್ನೇ ಇಡುವ ರೂಢಿ. ಭಾನುವಾರದವನು ನಿಮಾ, ಸೋಮವಾರದವನು ದಾವಾ, ಶುಕ್ರವಾರದವನು ಪಾಸಾಂಗ್. ನಮ್ಮೂರಿನ ಸೋಮಣ್ಣ, ಮಂಗಳಮ್ಮ, ಶನಿಯಪ್ಪ ಇದ್ದಹಾಗೆ. ಒಂದು ಡೇರೆಯಲ್ಲಿ ಮೂರು ಜನ ಪಾಸಾಂಗ್ ಇದ್ದರೆ ಸಾಹೇಬರು ಪಜೀತಿ ಪಡುತ್ತಿದ್ದರು.

ಆ ಪಟ್ಟಿಯ ಒಬ್ಬ ಸೋಮಣ್ಣನೇ ದಾವಾ ಥೊಂಡುಪ್. 1934ರಲ್ಲಿ ಜರ್ಮನ್ನರ ಜೊತೆ ನಂಗಾ ಪರ್ಬತ್‌ಗೆ ಹೋದ. ಜುಲೈನಲ್ಲಿ ಎದ್ದ ಹಿಮಗಾಳಿಯಲ್ಲಿ ಮೂವರು ಜರ್ಮನ್ನರು, ಆರು ಜನ ಶೆರ್ಪಾಗಳು ಸತ್ತರು. ದಿನಗಟ್ಟಲೆ ಅನ್ನ ನೀರಿಲ್ಲದೆ ತೆವಳಿಕೊಂಡು ಇಳಿದು ಬದುಕಿದ ಕೆಲವರಲ್ಲಿ ದಾವಾ ಒಬ್ಬ. ಅಂಥದ್ದೊಂದು ಆದಮೇಲೆ ನಾನಾಗಿದ್ದರೆ ಬೆಟ್ಟದ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ. ಅವನು ಮತ್ತೆ ಮತ್ತೆ ಹೋದ, ಅದು ಅವನ ಹೊಟ್ಟೆಪಾಡು. 1950ರಲ್ಲಿ ಫ್ರೆಂಚರ ಅನ್ನಪೂರ್ಣ ತಂಡದಲ್ಲಿ ಇದ್ದ. ಮರುವರ್ಷ ಬಂದ ಕರೆ ಮಾತ್ರ ಬೇರೆ ಥರದ್ದು. ಕರೆದವರು ಸಾಹೇಬರಲ್ಲ, ಡೆಹ್ರಾಡೂನಿನ ಒಬ್ಬ ಭೂಗೋಳದ ಮೇಷ್ಟ್ರು.

ಗುರುದಯಾಲ್ ಸಿಂಗ್ ಡೂನ್ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿ ಬೆಟ್ಟ ಹತ್ತುವ ಗೀಳಿನ ಇಂಗ್ಲಿಷ್ ಮೇಷ್ಟ್ರುಗಳಿದ್ದರು, ಗಿಬ್ಸನ್, ಮಾರ್ಟಿನ್, ಹೋಲ್ಡ್ಸ್‌ವರ್ತ್. ಹೋಲ್ಡ್ಸ್‌ವರ್ತ್ 1931ರಲ್ಲಿ ಕಾಮೆಟ್ ಶಿಖರದ ಮೇಲೆ ಪೈಪ್ ಸೇದಿದ ಮಹಾನುಭಾವ. ಅವರ ಸಹವಾಸದಲ್ಲಿ ಗುರುದಯಾಲ್‌ಗೂ ಹತ್ತಿತು. 1951ರಲ್ಲಿ, ವಯಸ್ಸು ಇಪ್ಪತ್ತೇಳು, ಗೆಳೆಯರನ್ನು ಕಟ್ಟಿಕೊಂಡು ಲಾಂಗ್‌ಸ್ಟಾಫನ ತ್ರಿಶೂಲ್‌ಗೇ ಹೊರಟರು. ಸರ್ಕಾರಿ ದುಡ್ಡಿಲ್ಲ, ದೊಡ್ಡ ಕ್ಲಬ್ಬಿಲ್ಲ. ಜೂನ್ 23ರಂದು ಗುರುದಯಾಲ್, ರಾಯ್ ಗ್ರೀನ್‌ವುಡ್ ಮತ್ತು ದಾವಾ ಥೊಂಡುಪ್ ತುದಿ ಮುಟ್ಟಿದರು. ಅಲ್ಲಿ ಮೇಷ್ಟ್ರು ಶೀರ್ಷಾಸನ ಹಾಕಿದರು! ಏಳು ಸಾವಿರ ಮೀಟರ್ ಮೇಲೆ, ತಲೆ ಕೆಳಗೆ ಕಾಲು ಮೇಲೆ. ಭಾರತೀಯರ ಪರ್ವತಾರೋಹಣ ಶುರುವಾದದ್ದು ಅಲ್ಲಿಂದ ಅಂತ ಬಲ್ಲವರು ಲೆಕ್ಕ ಇಡೋದು. ಮೂರು ವರ್ಷಕ್ಕೆ, 1954ರಲ್ಲಿ, ಡಾರ್ಜಿಲಿಂಗಿನ ತರಬೇತಿ ಸಂಸ್ಥೆ ಬಂತು. ಆಮೇಲೆ ಉತ್ತರಕಾಶಿಯದ್ದು. ಈಗ ನಮ್ಮ ರಾಮನಗರದ ಬಂಡೆಯಲ್ಲಿ ವೀಕೆಂಡ್ ಹಗ್ಗ ಹಿಡಿದು ನೇತಾಡುವ ಹುಡುಗ ಹುಡುಗಿಯರೆಲ್ಲ ಒಂದು ಲೆಕ್ಕಕ್ಕೆ ಆ ಶೀರ್ಷಾಸನದ ಸಂತಾನ. ಗುರುದಯಾಲ್ 1965ರ ಎವರೆಸ್ಟ್ ತಂಡದಲ್ಲೂ ಇದ್ದರು. 99 ವರ್ಷ ಬಾಳಿ 2023ರಲ್ಲಿ ತೀರಿಕೊಂಡರು.

ದಾವಾ? ತ್ರಿಶೂಲ್ ಮುಗಿದ ಎರಡು ವರ್ಷಕ್ಕೆ, ಐವತ್ತರ ಹತ್ತಿರದ ವಯಸ್ಸಿನಲ್ಲಿ, 1953ರ ಎವರೆಸ್ಟ್ ತಂಡಕ್ಕೆ ಸೌತ್ ಕೋಲ್‌ವರೆಗೆ ಹೊರೆ ಹೊತ್ತ. ತೇನ್‌ಸಿಂಗ್, ಹಿಲರಿ ತುದಿಗೆ ಹೋದ ತಂಡ ಅದೇ. ಟೂನಿಯ ಸಹೋದರನಿಂದ ದಾವಾವರೆಗೆ ನಲವತ್ತು ವರ್ಷ. ಆ ನಲವತ್ತು ವರ್ಷದಲ್ಲಿ ಹೊರುವವನಿಗೆ ಒಂದು ಪೂರ್ತಿ ಹೆಸರು ಬಂದಿತ್ತು. ಹೊರೆ ಮಾತ್ರ ಅಷ್ಟೇ ಇತ್ತು.

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಫೋಟೋ ತೋರಿಸಿದೆ. ಶಿಖರದ್ದನ್ನೆಲ್ಲ ಬೆರಳಿನಿಂದ ಬೇಗ ಬೇಗ ಸರಿಸಿದರು. ಚಹಾ ಕುಡಿಯುವ ಹುಡುಗನ ಫೋಟೋ ಬಂದಾಗ ನಿಂತರು. ಕುತ್ತಿಗೆ ನೋಡಿದರು ಅಂತ ಕಾಣುತ್ತೆ.

"ಈ ಮಗ ಎಷ್ಟು ಕೆಜಿ ಹೊರ್ತಾನ್ಲಾ?"

"ಇಪ್ಪತ್ತೈದು ಮೂವತ್ತು ಇರಬೋದಪ್ಪ."

"ಏರಲ್ಲಿ?"

"ಹ್ಞೂ."

"ಹಣೆಗ್ ಕೊಟ್ಕಂಡ್ರೆ ಕತ್ ಹೋಯ್ತದೆ. ಬೆನ್ನಿಗ್ ಕೊಡ್ಬೇಕು." ಸ್ವಲ್ಪ ಹೊತ್ತು ಬಿಟ್ಟು, "ಕೂಲಿ ಸರಿಯಾಗ್ ಕೊಟ್ರಾ?" ಅಂದರು.

ನಾನು ಕಂಪನಿಗೆ ಕಟ್ಟಿದ್ದು ಎಷ್ಟು ಅಂತ ಗೊತ್ತು, ಅವನ ಕೈಗೆ ಎಷ್ಟು ಹೋಯಿತು ಅಂತ ಗೊತ್ತಿಲ್ಲ ಅಂದೆ. ಕಿರ್ದಿ ವಿಷಯವನ್ನೂ ಅವತ್ತು ಮೊದಲ ಸಲ ಎತ್ತಿದೆ. ಅಪ್ಪ ನಕ್ಕುಬಿಟ್ಟರು. "ಅದ್ರಲ್ಲೇನೈತೆ? ಬಟವಾಡೆ ಯಾವತ್ತೂ ತಪ್ಪಿಸ್ನಿಲ್ಲ ಆವಯ್ಯ" ಅಂದರು. ಮೂವತ್ನಾಲ್ಕು ವರ್ಷದ ನನ್ನ ಮುಂದೆ ಆರನೇ ಕ್ಲಾಸಿನ ಹುಡುಗ ಪೆಚ್ಚಾಗಿ ನಿಂತಿದ್ದ.

ಬೆಂಗಳೂರಿಗೆ ಬಂದು ಆ ಫೋಟೋ ಒಂದು ಕಾಪಿ ಹಾಕಿಸಿದೆ. ಕೊರಿಯರ್ ಚೀಟಿಯಲ್ಲಿ ಸ್ವೀಕರಿಸುವವರ ಹೆಸರು ಅಂತ ಒಂದು ಖಾನೆ. ಅಲ್ಲೇ ನಿಂತು ಗೈಡ್‌ಗೆ ಫೋನ್ ಹಚ್ಚಿದೆ. ಸೀಸನ್ ಮುಗಿದಿತ್ತು, ಅವರು ಮನೆಯಲ್ಲಿದ್ದರು. ಒಂದು ನಂಬರ್ ಕೊಟ್ಟರು. ಮೂರನೇ ಸಲಕ್ಕೆ ಹುಡುಗ ಸಿಕ್ಕಿದ. ಯಾರು ಅಂತ ಹೇಳಿದರೂ ಅವನಿಗೆ ನನ್ನ ನೆನಪಿಲ್ಲ. ಪ್ಯಾಂಟಿಗೆ ಹಲ್ಲು ಸಿಕ್ಕಿ ಬಿದ್ದವನು ಅಂದೆ. ಅದಕ್ಕೂ, "ತುಂಬಾ ಜನ ಬೀಳ್ತಾರೆ ಸರ್" ಅಂದ ಹಿಂದಿಯಲ್ಲಿ. ಹೆಸರು ಹೇಳಿದ. ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡೆ. ಅಡುಗೆಯವನಿಗೆ ತಮ್ಮ ಅಂತೆ, ಕಿರಿಯವನು.

ಬೆಟ್ಟದ ಬಗ್ಗೆ ಒಂದು ಲೇಖನ ಬರೀತಿದೀನಿ, ಅದರಲ್ಲಿ ನಿನ್ನ ಹೆಸರು ಹಾಕಲಾ ಅಂತ ಕೇಳಿದೆ. ಕೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು ನನಗೆ. ಅವನು ಗಾಬರಿಯಾದ.

"ಬೇಡ ಸರ್, ಹೆಸರು ಬೇಡ. ಮನೇಲಿ ಅಮ್ಮನಿಗೆ ಮನಾಲಿಯಲ್ಲಿ ಹೋಟೆಲ್ ಕೆಲಸ ಅಂತ ಹೇಳಿದೀನಿ. ಹಿಮದ ಮೇಲೆ ಹೋಗ್ತೀನಿ ಅಂತ ಗೊತ್ತಾದರೆ ವಾಪಸ್ ಕರೆಸ್ಕೋತಾಳೆ."

ಫೋಟೋನೂ ಮನೆಗೆ ಕಳಿಸಬೇಡಿ ಅಂದ. ಮನಾಲಿಯ ಒಂದು ಬೂಟ್ ಬಾಡಿಗೆ ಅಂಗಡಿಯ ವಿಳಾಸ ಕೊಟ್ಟ. ಅಲ್ಲಿಗೆ ಕಳಿಸಿದೀನಿ.